ಟೈಲರಕ್ಕ ಕೊಟ್ಟ ಒಂದು ತಿಂಗಳು

ಟೈಲರಕ್ಕನ ಬಲಗೈ ಹೆಬ್ಬೆರಳಿನ ಮೇಲೆ, ಕತ್ತರಿಯ ಹಿಡಿ ಒತ್ತಿ ಒತ್ತಿ, ನುಣ್ಣನೆಯ ಒಂದು ಗಂಟು ಬೆಳೆದಿತ್ತು. ನಿದ್ದೆ ಹತ್ತುವ ಮಗುವಿನ ಬೆನ್ನು ಸವರುವ ಹಾಗೆ ಅವರು ಬಟ್ಟೆಯನ್ನು ಸವರುತ್ತಿದ್ದರು. ಆಮೇಲೇ ಕತ್ತರಿ.

ನರಸೀಪುರದಲ್ಲಿ ಹೊಳೆಗೆ ಇಳಿಯುವ ಬೀದಿಯಲ್ಲಿ ಅವರ ಪುಟ್ಟ ಅಂಗಡಿ. ದಿನವೂ ಕಾಲೇಜಿನ ಪಾಠ ಮುಗಿಸಿ, ಮಧ್ಯಾಹ್ನದ ಮೇಲೆ ನಾನು ಅಲ್ಲಿ ರವಿಕೆಗಳಿಗೆ ಹುಕ್ಕು ಹಾಕಲು ಕೂರುತ್ತಿದ್ದೆ. ಹೊಳೆಯ ಗಾಳಿಗೆ, ನೇತುಹಾಕಿದ ಬಟ್ಟೆಗಳು ಮೆಲ್ಲಗೆ ಉಬ್ಬಿ ಇಳಿಯುತ್ತಿದ್ದವು, ಉಸಿರಾಡುತ್ತಿರುವ ಹಾಗೆ. ಮಿಷನ್ನಿನ ಸದ್ದಿಗೆ ಬೀದಿಯೇ ತೂಕಡಿಸುತ್ತಿತ್ತು. ಅಕ್ಕ ತುಳಿಯುತ್ತಲೇ ಒಂದು ಪದ ಹಾಡಲು ಶುರು ಮಾಡಿ, ಅರ್ಧಕ್ಕೆ ಮರೆತು, ತಾವೇ ನಗುತ್ತಿದ್ದರು.

ಸೇರಿದ ದಿನ ಅವರು ಕೇಳಿದ್ದು ಒಂದೇ ಮಾತು. "ಕೆಲ್ಸ ಬುಡೋದಾದ್ರೆ ಒಂದ್ ತಿಂಗ್ಳು ಮುಂಚೆ ಏಳ್ಬುಡವ್ವ. ಏಳ್ದೆ ಓದ್ರೆ ನಾನು ಬಾಗ್ಲು ನೋಡ್ಕಂಡೇ ಕೂತಿರ್ತೀನಿ." ನನಗಿಂತ ಮುಂಚೆ ಇದ್ದ ಹುಡುಗಿ ಹಾಗೇ, ಹೇಳದೆಯೇ, ಹೋಗಿದ್ದಳಂತೆ.

ಡಿಗ್ರಿ ಮುಗಿಯುವ ಹೊತ್ತಿಗೆ ನಂಜನಗೂಡಿನ ಒಂದು ಸಣ್ಣ ಶಾಲೆಯಲ್ಲಿ ನನಗೆ ಮೇಡಂ ಕೆಲಸ ಸಿಕ್ಕಿತು. ಜೂನ್‌ಗೆ ಸೇರಬೇಕು. ಅಕ್ಕನಿಗೋ ಮದುವೆಗಳ ಕಾಲ, ಕಪಾಟಿನ ತುಂಬ ರೇಷ್ಮೆ ರವಿಕೆ ಬಟ್ಟೆ. ಬಾಯಿಗೆ ಬಂದ ಮಾತನ್ನು ದಿನವೂ ನುಂಗಿಕೊಂಡೆ. ಕೊನೆಗೊಂದು ಮಧ್ಯಾಹ್ನ, ಮಿಷನ್ ಓಡುತ್ತಿರುವಾಗಲೇ, "ಅಕ್ಕಾ, ಇನ್ನೊಂದೇ ತಿಂಗಳು, ಆಮೇಲೆ ಬರಕ್ಕಾಗಲ್ಲ. ನಂಜನಗೂಡಲ್ಲಿ ಕೆಲಸ ಸಿಕ್ತು" ಎಂದೆ. ಆ ಸದ್ದಿನಲ್ಲಿ ಕೇಳಿಸದೇ ಹೋಗಲಿ ಎಂಬ ಆಸೆಯೂ ಇತ್ತೇನೋ.

ಮಿಷನ್ ನಿಂತಿತು. ಅಕ್ಕ ಎದ್ದು ಬಂದು ನನ್ನ ಕೈಲಿದ್ದ ಸೂಜಿ ಇಸಕೊಂಡರು.

"ಇನ್ ಉಕ್ಕು ಆಕಿದ್ದು ಸಾಕು. ಬಾ, ಕತ್ರಿ ಇಡ್ಕೊ."

ಅಲ್ಲಿಯವರೆಗೆ ಆ ಕತ್ತರಿಯನ್ನು ಅವರು ಯಾರ ಕೈಗೂ ಕೊಟ್ಟಿರಲಿಲ್ಲ. ನಾನು ಕೇಳಿದೆ, "ಹೋಗೋಳಿಗೆ ಯಾಕಕ್ಕ ಕಲಿಸ್ತೀರ?"

"ಓಗೋಳ್ಗೇ ಕಣವ್ವ ಕಲಿಸ್ಬೇಕಾದ್ದು. ಇಲ್ಲೇ ಇರೋಳ್ಗೆ ನಾನಿಲ್ವಾ?"

ಮೊದಲು ಹಳೆಯ ಪೇಪರು, ಆಮೇಲೆ ಅವರದೇ ಹಳೆಯ ಸೀರೆ. ನಾನು ಒಂದು ತೋಳು ಕೆಡಿಸಿ ಕಂಗಾಲಾದರೆ, "ಕೆಡ್ಲಿ ಬುಡು, ನನ್ ಸೀರೆನೇ ತಾನೆ" ಎಂದು ಇನ್ನೊಂದು ತುಂಡು ಹಾಸುತ್ತಿದ್ದರು. ನಾನು ಹಾಕಬೇಕಿದ್ದ ಹುಕ್ಕುಗಳನ್ನೂ ಆ ತಿಂಗಳು ಅವರೇ ಹಾಕಿದರು. ಅಂಗಡಿಯೊಳಗೆ ಬಿಸಿಲು ಮೆಲ್ಲಗೆ ಜರುಗುತ್ತಿತ್ತು, ಅವರ ಕೈ ನನ್ನ ಕೈ ಮೇಲಿರುತ್ತಿತ್ತು, ಬಟ್ಟೆ ನೀರಿನಂತೆ ಎರಡಾಗುತ್ತಿತ್ತು. ಈಗಲೂ ಆ ಮಧ್ಯಾಹ್ನಗಳು ನಡೆದದ್ದೋ, ನಾನು ನಿದ್ದೆಯಲ್ಲಿ ಕಂಡದ್ದೋ ಅನ್ನಿಸುತ್ತದೆ.

ಕೊನೆಯ ಸಂಜೆ ಅಕ್ಕ, "ಬಸ್ ಬತ್ತದೆ, ಓಗು" ಎಂದು ತಲೆ ತಗ್ಗಿಸಿ ಮಿಷನ್ ತುಳಿಯತೊಡಗಿದರು.

ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ನರಸೀಪುರಕ್ಕೆ ಹೋದೆ. ಅಂಗಡಿಗೆ ಬೀಗ ಬಿದ್ದಿತ್ತು. ಅಲ್ಲಿ ಎಷ್ಟು ಹೊತ್ತು ನಿಂತರೂ ಕಣ್ಣೀರು ಬರಲಿಲ್ಲ. ಮನೆಗೆ ಬಂದು, ಮಗಳ ಲಂಗಕ್ಕೆಂದು ತಂದಿಟ್ಟಿದ್ದ ಬಟ್ಟೆಯನ್ನು ನೆಲದ ಮೇಲೆ ಹಾಸಿ ಕತ್ತರಿಸಿದೆ. ಕೈ ಒಂದಿಷ್ಟೂ ನಡುಗಲಿಲ್ಲ.

ಆಗ ಅಳು ಬಂತು.