ಎರಡು ವರ್ಷಕ್ಕೆ ಬಂದ ಅತಿಥಿ

ಊರು ತೋರಿಸುವ ಅವಕಾಶ ಸಿಕ್ಕಿದರೆ ನಾನು ಬಿಡುವವಳಲ್ಲ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳಿಗೆ ಕೇಳುವವರು ಸಿಗುವುದೇ ಅಪರೂಪ. ಈ ಚಟಕ್ಕೆ ಮೊದಲು ಬಲಿಯಾಗುತ್ತಿದ್ದವರು ನೆಂಟರು. ಈಗ ಅವರು ಮಂಗಳೂರಿಗೆ ಬಂದರೂ ನನಗೆ ಸುದ್ದಿ ಕೊಡದೆ ಹೋಗುತ್ತಾರೆಂದು ನನಗೊಂದು ಗುಮಾನಿ ಇದೆ. ಹಾಗಿರುವಾಗ, ಸುರತ್ಕಲ್ಲಿನ ನಮ್ಮ ಮನೆಯ ಮಹಡಿ ಕೋಣೆಗೆ ಇಥಿಯೋಪಿಯಾದಿಂದ ಸೆಲಾಂ ಎಂಬ ಹುಡುಗಿ ಎಂಜಿನಿಯರಿಂಗ್ ಸ್ನಾತಕೋತ್ತರ ಓದಲು ಬಂದಿಳಿದರೆ ನನ್ನ ಸಂಭ್ರಮ ಹೇಗಿದ್ದೀತು, ನೀವೇ ಊಹಿಸಿ.

ಮನೆಯಲ್ಲಿ ನಾನು, ನನ್ನ ಅಮ್ಮ ಇಬ್ಬರೇ. ಅಮ್ಮ ಮೀನು ಮಾರಿ ನನ್ನನ್ನು ಓದಿಸಿದವಳು. ಮಂಡಿನೋವು ಬಂದ ಮೇಲೆ ಬುಟ್ಟಿ ಇಳಿಸಿದ್ದಾಳೆ, ದನಿ ಇಳಿಸಿಲ್ಲ. ಅವಳಿಗೆ ಬರುವುದು ತುಳು, ಸೆಲಾಂಗೆ ಬರುವುದು ಅವಳ ನುಡಿ ಮತ್ತು ಇಂಗ್ಲಿಷ್. ನಡುವೆ ದುಭಾಷಿಯಾಗಿ ನಾನು. ಬಾಗಿಲಲ್ಲೇ ಬೆಲ್ಲ ನೀರು ಕೊಟ್ಟು ಬರಮಾಡಿಕೊಂಡೆವು. ಬೆಟ್ಟದ ಮೇಲಿನ ಊರಿನವಳು, ಕಡಲನ್ನು ನೋಡಿದವಳೇ ಅಲ್ಲ. ಮರುದಿನ ಬೆಳಿಗ್ಗೆ ಕೆಳಗಿಳಿದು ಬಂದವಳು, ಆ ಸದ್ದು ಯಾವಾಗ ನಿಲ್ಲುತ್ತದೆ ಎಂದು ಕೇಳಿದಳು. ಯಾವ ಸದ್ದು ಎಂದು ನಾನು ಕಿವಿಗೊಟ್ಟು ಹುಡುಕಬೇಕಾಯಿತು. ಅಮ್ಮನಿಗೆ ಹೇಳಿದರೆ ಅವಳು ಗಂಭೀರವಾಗಿ, "ಅದು ನಿಂತರೆ ನಮ್ಮ ಕತೆ ಮುಗಿಯಿತು ಅಂತ ಹೇಳು," ಎಂದಳು.

ತರಗತಿ ಶುರುವಾಗಲು ಇನ್ನೂ ಸಮಯವಿತ್ತು. ದಿನಕ್ಕೊಂದು ಜಾಗದಂತೆ ಅವಳನ್ನು ಸಿಟಿ ಬಸ್ಸಿಗೆ ಹತ್ತಿಸಿದೆ. ಪಣಂಬೂರಿನಲ್ಲಿ ಅವಳು ಚಪ್ಪಲಿ ಬಿಚ್ಚದೆ, ನೀರಿಗೆ ಬಹಳ ದೂರದಲ್ಲಿ, ಪರಿಚಯವಿಲ್ಲದ ನಾಯಿಯನ್ನು ನೋಡುವಂತೆ ಅಲೆಗಳನ್ನು ನೋಡುತ್ತ ನಿಂತಳು. ಸುಲ್ತಾನ್ ಬತ್ತೇರಿಯ ಮೆಟ್ಟಿಲು ಹತ್ತಿಸಿ ನಾನು ಟಿಪ್ಪು ಸುಲ್ತಾನನ ಕಾಲದಿಂದ ಶುರು ಮಾಡಿದೆ. ಇಷ್ಟು ಚಿಕ್ಕ ಕೋಟೆಯೊಳಗೆ ಸೈನಿಕರು ಎಲ್ಲಿ ಮಲಗುತ್ತಿದ್ದರು ಎಂದಳು. ಅಷ್ಟು ವರ್ಷ ಪಾಠ ಮಾಡಿದ್ದರೂ ಆ ಪ್ರಶ್ನೆಯನ್ನು ನನ್ನಲ್ಲಿ ಯಾರೂ ಕೇಳಿರಲಿಲ್ಲ. ಬಿಸಿಲು ಜಾಸ್ತಿಯಾಯಿತೆಂದು ಬೇಗ ಕೆಳಗಿಳಿಸಿದೆ. ಕದ್ರಿ ಗುಡ್ಡ, ಬಂದರಿನ ಬೀದಿ, ಬಲ್ಮಠದ ಹತ್ತಿರ ಎತ್ತರದ ಗ್ಲಾಸಿನಲ್ಲಿ ಗಡ್‌ಬಡ್ ಐಸ್‌ಕ್ರೀಂ, ಯಾವುದನ್ನೂ ಬಿಡಲಿಲ್ಲ. ಎಲ್ಲದಕ್ಕೂ ಅವಳು ಚೆನ್ನಾಗಿದೆ ಎನ್ನುತ್ತಿದ್ದಳು. ಬಸ್ಸಿನಲ್ಲಿ ಮಾತ್ರ ನಿಜವಾಗಿ ನಕ್ಕಳು. ಕಂಡಕ್ಟರ್ "ರೈಟ್, ಪೋಯಿ" ಎಂದು ಕೂಗಿದ ಕೂಡಲೇ ಇಡೀ ಬಸ್ಸು ಮುಗ್ಗರಿಸಿ ಹೊರಡುವುದು ಅವಳಿಗೆ ಇಷ್ಟವಾಗಿತ್ತು. ಅವಳು ಕಲಿತ ಮೊದಲ ತುಳು ಮಾತು ಅದೇ, ಹೋಗೋಣ ಎಂಬುದು.

ಮನೆಯಲ್ಲೂ ನನ್ನ ಉಪಚಾರಕ್ಕೆ ಕಡಿಮೆಯಿರಲಿಲ್ಲ. ಅವರ ಊರಿನ ರೊಟ್ಟಿ ದೋಸೆಯಂತೆ ತೂತುತೂತಾಗಿ ಇರುತ್ತದೆಂದು ಎಲ್ಲೋ ಓದಿ ನೀರುದೋಸೆ ಎರೆದು ಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, ತೂತು ಉಂಟು, ಹುಳಿಯಿಲ್ಲ ಎಂದಳು. ತಟ್ಟೆ ತೊಳೆಯಲು ಎದ್ದರೆ ಕಸಿದುಕೊಳ್ಳುತ್ತಿದ್ದೆ. ಒಗೆಯಲು ಹೊರಟರೆ ಬಕೆಟ್ ಕಸಿದುಕೊಳ್ಳುತ್ತಿದ್ದೆ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತರೆ ಕುರ್ಚಿ ತಂದು ಹಾಲ್‌ನಲ್ಲಿ ಕೂರಿಸುತ್ತಿದ್ದೆ. ಅಮ್ಮ ಒಂದು ದಿನ ಇದನ್ನೆಲ್ಲ ನೋಡಿ, "ಬಿನ್ನೆರು ಅಂದರೆ ಎರಡು ದಿನ. ಆಮೇಲೂ ಹೀಗೆ ಮಾಡಿದರೆ ಅದು ಜೈಲು," ಎಂದಳು. ಬಿನ್ನೆರು ಎಂದರೆ ತುಳುವಿನಲ್ಲಿ ನೆಂಟರು. ಅತಿಥಿಸತ್ಕಾರದ ಬಗ್ಗೆ ಅವಳಿಗೆ ಎರಡು ಮಾತು ಹೇಳಿ ಸುಮ್ಮನಾಗಿಸಿದೆ. ಸುಮ್ಮನಾದಳೆಂದು ನಾನು ಭಾವಿಸಿದೆ.

ಆದರೆ ಹುಡುಗಿ ಸೊರಗುತ್ತಿದ್ದಳು. ಊಟ ಅರ್ಧಕ್ಕೆ ಬಿಡುವಳು, ಕೆಳಗೆ ಬರುವುದೂ ಕಡಿಮೆಯಾಯಿತು. ಒಂದು ಸಂಜೆ ಮೆಟ್ಟಿಲ ಮೇಲೆ ನಿಂತು, ವಾಪಸು ಹೋಗುವ ಟಿಕೆಟ್ ವಿಚಾರಿಸಲು ಅಣ್ಣನಿಗೆ ಹೇಳಿದ್ದೇನೆ ಎಂದಳು. ಊಟ ಸೇರುವುದಿಲ್ಲವೇ, ಸೆಕೆಯೇ, ಯಾರಾದರೂ ಏನಾದರೂ ಅಂದರೇ ಎಂದು ಕೇಳಿದೆ. ಎಲ್ಲದಕ್ಕೂ ಇಲ್ಲವೆಂದು ತಲೆಯಾಡಿಸಿ, "ನೀವೆಲ್ಲ ತುಂಬ ಒಳ್ಳೆಯವರು ಆಂಟಿ," ಎಂದಳು. ದೂರು ಹೇಳಿದ್ದರೆ ಸರಿಪಡಿಸಬಹುದಿತ್ತು, ಈ ಹೊಗಳಿಕೆಗೆ ನಾನೇನು ಮಾಡಲಿ?

ಮರುದಿನ ನನಗೆ ಬಲ್ಮಠದಲ್ಲಿ ಕಣ್ಣಿನ ಡಾಕ್ಟರಲ್ಲಿಗೆ ಹೋಗುವುದಿತ್ತು. ಮಧ್ಯಾಹ್ನವೇ ಮುಗಿದರೂ ವಾಪಸು ಬರುವಾಗ ಹೆದ್ದಾರಿಯಲ್ಲಿ ಲಾರಿಗಳು ಜಾಮ್ ಆಗಿ ಬೈಕಂಪಾಡಿಯ ಹತ್ತಿರ ಬಸ್ಸು ನಿಂತೇಬಿಟ್ಟಿತು. ಕಣ್ಣಿಗೆ ಬಿಟ್ಟ ಔಷಧಿಯಿಂದ ಎಲ್ಲ ಮಂಜುಮಂಜು. ಮಾಡಲು ಕೆಲಸವಿಲ್ಲದೆ 'ಅತಿಥಿ' ಎಂಬ ಶಬ್ದವನ್ನು ಬಿಡಿಸುತ್ತ ಕುಳಿತೆ. ತಿಥಿ ಇಲ್ಲದೆ, ಅಂದರೆ ದಿನ ಗೊತ್ತುಪಡಿಸದೆ ಬರುವವನು ಅತಿಥಿ ಎಂದು ನಮ್ಮ ಶಾಲೆಯ ಕನ್ನಡ ಪಂಡಿತರು ಅರ್ಥ ಹೇಳುತ್ತಿದ್ದರು. ಸೆಲಾಂ ವಿಮಾನದ ನಂಬರು ಸಮೇತ ತಿಳಿಸಿ, ಎರಡು ವರ್ಷಕ್ಕೆಂದು ಬಂದವಳು. ವ್ಯಾಕರಣದ ಪ್ರಕಾರ ಅವಳು ಅತಿಥಿಯೇ ಅಲ್ಲವಲ್ಲ ಎಂದು ಹೊಳೆಯುವಷ್ಟರಲ್ಲಿ ಬಸ್ಸು ಹೊರಟಿತು.

ಗೇಟು ತೆರೆದಾಗ ಮನೆಯಿಂದ ಹೊಗೆ ಬರುತ್ತಿತ್ತು. ಗಾಬರಿಯಲ್ಲಿ ಒಳಗೆ ಓಡಿದರೆ, ಜಗಲಿಯಲ್ಲಿ ಅಮ್ಮ ಗೋಡೆಗೊರಗಿ ಕುಳಿತಿದ್ದಾಳೆ, ಪಕ್ಕದ ಮನೆಯ ಇಬ್ಬರು ಹೆಂಗಸರು ಎದುರಿಗಿದ್ದಾರೆ, ನಡುವೆ ಸೆಲಾಂ ಇದ್ದಿಲ ಒಲೆಯ ಮೇಲೆ ಕಾವಲಿಯಲ್ಲಿ ಕಾಫಿ ಬೀಜ ಹುರಿದು ಆ ಹೊಗೆಯನ್ನು ಒಬ್ಬೊಬ್ಬರ ಮೂಗಿನ ಹತ್ತಿರ ಹಿಡಿಯುತ್ತಿದ್ದಾಳೆ. ಎಲ್ಲರೂ ದೇವರ ಆರತಿ ತೆಗೆದುಕೊಳ್ಳುವಂತೆ ಎರಡೂ ಕೈ ಚಾಚುತ್ತಿದ್ದಾರೆ.

ಆಗಿದ್ದು ಇಷ್ಟು. ನಾನು ಅತ್ತ ಹೋದ ಕೂಡಲೇ ಅಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಕೋಲು ಕುಟ್ಟಿ ಹುಡುಗಿಯನ್ನು ಕರೆದಿದ್ದಾಳೆ. ಕೈಗೊಂದು ತೆಂಗಿನಕಾಯಿ ಕೊಟ್ಟು, ತುರಿಮಣೆ ತೋರಿಸಿ, ತನ್ನ ಮಂಡಿ ತೋರಿಸಿದ್ದಾಳೆ. ಸೆಲಾಂ ಅರ್ಧ ಕಾಯಿ ತುರಿದು, ಅರ್ಧ ನೆಲಕ್ಕೆ ಚೆಲ್ಲಿದ್ದಾಳೆ. ಅಮ್ಮ ತುಳುವಿನಲ್ಲಿ ಬೈದಿದ್ದಾಳೆ. ಬೈಸಿಕೊಂಡವಳು ನಗುತ್ತ ಗುಡಿಸಿದ್ದಾಳೆ, ಬಂಗುಡೆ ಸಾರಿಗೆ ಅರೆದಿದ್ದಾಳೆ, ಇಬ್ಬರೂ ಒಟ್ಟಿಗೆ ಉಂಡಿದ್ದಾರೆ. ಆಮೇಲೆ ಅವಳು ಮಹಡಿಗೆ ಓಡಿ, ಊರಿನಿಂದ ತಂದಿದ್ದ ಹಸಿರು ಕಾಫಿ ಬೀಜದ ಪೊಟ್ಟಣ ತಂದಿದ್ದಾಳೆ. ಅವರಲ್ಲಿ ಅದನ್ನು ಮಣ್ಣಿನ ಹೂಜಿಯಲ್ಲೇ ಕುದಿಸುವುದಂತೆ. ನಮ್ಮಲ್ಲಿ ಇದ್ದ ಮಣ್ಣಿನ ಪಾತ್ರೆ ಒಂದೇ, ಮೀನು ಸಾರಿನದು.

"ಇಲ್ಲಿ ಬಾ, ಕುಲ್ಲು," ಎಂದು ಅಮ್ಮ ನನ್ನನ್ನು ಕೂರಿಸಿದಳು. ಕಾಫಿಗೆ ಬಂಗುಡೆಯ ವಾಸನೆಯಿತ್ತು. ಯಾರೂ ಅದರ ಸುದ್ದಿ ಎತ್ತಲಿಲ್ಲ, ಯಾರೂ ಲೋಟದಲ್ಲಿ ಉಳಿಸಲೂ ಇಲ್ಲ. ಟಿಕೆಟಿನ ಮಾತು ಏನಾಯಿತೆಂದು ಮೆಲ್ಲಗೆ ಕೇಳಿದೆ. ಸೆಲಾಂ ಎರಡನೆಯ ಸುತ್ತಿಗೆ ನೀರು ಹಾಕುತ್ತ, ಬೆಳಿಗ್ಗೆಯವರೆಗೂ ಹೋಗುವುದೆಂದೇ ಇತ್ತು, ಈಗ ಅಣ್ಣನಿಗೆ ಬೇಡವೆಂದು ಹೇಳುತ್ತೇನೆ ಎಂದಳು. ಸ್ವಲ್ಪ ತಡೆದು ಹೇಳಿದಳು: "ನಮ್ಮ ಮನೆಯಲ್ಲಿ ಕಾಫಿ ಮಾಡುವವಳು ನಾನು ಆಂಟಿ. ಎಲ್ಲರೂ ಬರುತ್ತಾರೆ. ಇಲ್ಲಿ ನಾನು ಬರೀ ಕುಡಿಯುವವಳಾಗಿದ್ದೆ."

ನನ್ನ ಕೈ ಅಷ್ಟರಲ್ಲೇ ಅಭ್ಯಾಸಬಲದಿಂದ ಖಾಲಿ ಲೋಟಗಳನ್ನು ಒಟ್ಟುಮಾಡಲು ಹೊರಟಿತ್ತು. ಸೆಲಾಂ ಅವನ್ನು ನನ್ನಿಂದ ತೆಗೆದುಕೊಂಡು ತನ್ನ ಪಕ್ಕದಲ್ಲಿಟ್ಟುಕೊಂಡಳು. ಮೂರನೆಯ ಸುತ್ತು ಆಶೀರ್ವಾದದ್ದಂತೆ, ಅದಕ್ಕೆ ಮೊದಲು ಯಾರೂ ಏಳುವ ಹಾಗಿಲ್ಲವಂತೆ. ಅನ್ನಕ್ಕೆ ಇಡಬೇಕು, ಒಣಗಿದ ಬಟ್ಟೆ ತೆಗೆಯಬೇಕು, ನೆಲಕ್ಕೆ ಬಿದ್ದ ಬೂದಿ ಗುಡಿಸಬೇಕು ಎಂದು ಮನಸ್ಸು ಪಟ್ಟಿ ಮಾಡುತ್ತಿತ್ತು. ಆದರೂ ಕೈಕಟ್ಟಿ ಕುಳಿತೆ. ಉಪಚಾರ ಮಾಡಲು ನನಗೆ ಯಾರೂ ಕಲಿಸಬೇಕಾಗಿಲ್ಲ. ಮಾಡಿಸಿಕೊಳ್ಳುವುದನ್ನು ಮಾತ್ರ ಈಗ, ಈ ವಯಸ್ಸಿನಲ್ಲಿ, ಮೊದಲಿನಿಂದ ಕಲಿಯುತ್ತಿದ್ದೇನೆ. ಹೇಳಿಕೊಡುವವರು ಚೆನ್ನಾಗಿದ್ದಾರೆ, ವಿದ್ಯಾರ್ಥಿನಿಯೇ ಸ್ವಲ್ಪ ಮಂದ.