ಫ್ರಿಜ್ಜಿಗೆ ಹೋದ ಮೂರನೇ ದಿನದ ರಕ್ತ

ತೀವ್ರ ನಿಗಾ ಘಟಕದಿಂದ ನಮ್ಮ ಲ್ಯಾಬಿಗೆ ಇನ್ನೂರ ಹನ್ನೆರಡು ಹೆಜ್ಜೆ. ಎಣಿಸಿದವನು ನಾನಲ್ಲ, ರಕ್ತದ ಟ್ಯೂಬುಗಳನ್ನು ತರುತ್ತಿದ್ದ ಗಡಿಯಾರ. ಅದು ನಾವಿಟ್ಟ ಅಡ್ಡಹೆಸರು. ಅವನು ಬಾಗಿಲು ತಳ್ಳಿದರೆ ಗೋಡೆಯ ಗಡಿಯಾರವೇ ಗಾಬರಿಯಾಗಿ ಮುಳ್ಳು ಸರಿಮಾಡಿಕೊಳ್ಳುತ್ತಿತ್ತು. ಯಾವ ಟ್ಯೂಬನ್ನು ಎಲ್ಲಿಟ್ಟೆ ಎಂಬುದನ್ನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಮರೆತವನಲ್ಲ. ಅವನ ತಲೆ ಬಿಚ್ಚಿದ್ದರೆ ಮಿದುಳಿನ ಬದಲು ರಿಜಿಸ್ಟರು ಸಿಗುತ್ತಿತ್ತು.

ಆ ವರ್ಷ ಡಾಕ್ಟರ್ ಮೇಡಂ ಒಂದು ಅಧ್ಯಯನ ಹಿಡಿದಿದ್ದರು. ಸೋಂಕು ರಕ್ತಕ್ಕೇರಿ, ಬಿ.ಪಿ. ಕುಸಿದು ಶಾಕ್‌ಗೆ ಹೋದವರ ಮೈಯಲ್ಲಿ ಬಿಳಿ ರಕ್ತಕಣಗಳು ಶತ್ರು ಯಾರು, ಮನೆಯವರು ಯಾರು ಎಂದು ನೋಡದೆ ಬಡಿದಾಡುತ್ತವೆ. "ಸಾಕು ಬಿಡ್ರಪ್ಪ" ಎಂದು ತಡೆಯುವ ಹಿರಿಯಣ್ಣನಂಥ ಕಣಗಳೂ ಅಲ್ಲೇ ಇರುತ್ತವೆ. ಅವೇ ನಿಯಂತ್ರಕ ಕಣಗಳು. ಅವು ಕಡಿಮೆಯಾದರೆ ಮನೆ ಪುಡಿ. ಹೆಚ್ಚಾದರೆ ಕಾವಲುಗಾರರೆಲ್ಲ ಗೊರಕೆ ಹೊಡೆದು ಇನ್ನೊಂದು ಸೋಂಕು ಒಳಗೆ ಬರುತ್ತದೆ. ಮೊದಲನೇ, ಮೂರನೇ, ಏಳನೇ ದಿನ ಅವುಗಳನ್ನು ಎಣಿಸುವುದು ನನ್ನ ಕೆಲಸ.

ಉಳಿದ ಟ್ಯೂಬುಗಳು ಐಸಿನಲ್ಲಿ ಬರುತ್ತಿದ್ದವು. ಈ ಎಣಿಕೆಯ ಟ್ಯೂಬಿಗೆ ಮಾತ್ರ ಥಂಡಿ ತಾಗಬಾರದು, ತಾಗಿದರೆ ಎಣಿಕೆ ಕೆಡುತ್ತದೆ. ಗಡಿಯಾರ ಅದನ್ನು ಹತ್ತಿ ಹಾಸಿದ ಡಬ್ಬಿಯಲ್ಲಿ, ಕೋಳಿ ಮೊಟ್ಟೆಗೆ ಕಾವು ಕೊಟ್ಟಂತೆ ತರುತ್ತಿದ್ದ.

ಒಂದು ಬೆಳಿಗ್ಗೆ ಅವನು ಮೇಜಿನ ಮೇಲಿಟ್ಟು ಹೋದ, ಒಬ್ಬ ರೋಗಿಯ ಮೂರನೇ ದಿನದ ಟ್ಯೂಬನ್ನು ನಾನು ಹರಟೆ ಹೊಡೆಯುತ್ತ, ಕೈಯ ಅಭ್ಯಾಸದಿಂದ ಫ್ರಿಜ್ಜಿಗೆ ಸೇರಿಸಿದೆ. ಮಧ್ಯಾಹ್ನ ಮೇಡಂ ಫ್ರಿಜ್ಜಿನ ಬಾಗಿಲು ತೆಗೆದರು.

"ಇದನ್ನ ಇಲ್ಲಿಟ್ಟೋರು ಯಾರು?"

"ನಾನು ಮೇಜಿನ ಮೇಲೆ ಇಟ್ಟಿದ್ದೆ ಮೇಡಂ," ಎಂದ ಗಡಿಯಾರ. "ಅಲ್ವಾ ಅಣ್ಣಾ?"

ಹತ್ತು ಮಂದಿಗೆ ಹಂಚಿದರೂ ಮಿಗುವಷ್ಟು ಮಾತಿರುವ ಈ ಬಾಯಿಗೆ ಆಗ ಸಿಕ್ಕಿದ್ದು ಎರಡೇ. "ನಾನು ನೋಡಲಿಲ್ಲ."

ಮೇಡಂ ಅವನನ್ನು ಬೈಯಲಿಲ್ಲ. "ಆ ರೋಗಿಯ ಮೂರನೇ ದಿನ ಮತ್ತೆ ಬರಲ್ಲ. ವಯಸ್ಸಾಯ್ತು ನಿಮಗೆ, ಇನ್ಮೇಲೆ ಬರೆದಿಟ್ಕೊಳ್ಳಿ," ಎಂದರಷ್ಟೆ. ಬೈದಿದ್ದರೇ ವಾಸಿಯಿತ್ತು.

ಗಡಿಯಾರ ಅಂಗೈ ಮೇಲೆ ಬರೆದುಕೊಳ್ಳತೊಡಗಿದ. ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡತೊಡಗಿದ. ಒಂದು ದಿನ ಚಹಾ ಕುಡಿಯುವಾಗ ಹೇಳಿದ: "ನಮ್ಮಪ್ಪಂಗೂ ಹೀಗೇ ಶುರುವಾಗಿದ್ದು ಅಣ್ಣಾ. ಕೊನೆಗೆ ನನ್ನ ಗುರುತೇ ಸಿಗಲಿಲ್ಲ. ನನ್ನ ಮೇಲೆ ಒಂದು ಕಣ್ಣಿಡಿ."

"ನೀನು ನನಗೆ ಕೊಡಬೇಕಾದ ಚಹಾ ಮರೆತಾಗ ನೆನಪಿಸ್ತೀನಿ ಬಿಡು," ಎಂದು ನಕ್ಕೆ. ಆ ನಗು ಇವತ್ತಿಗೂ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ.

ನಾಲ್ಕು ತಿಂಗಳಾದ ಮೇಲೆ ಒಂದು ಅರ್ಜಿ ತಂದ. "ತಪ್ಪಿದ್ರೆ ತಿದ್ದಿ ಕೊಡಿ ಅಣ್ಣಾ." ತನಗೆ ಮರೆವು ಬಂದಿರುವುದರಿಂದ ಟ್ಯೂಬಿನ ಕೆಲಸ ಬಿಡಿಸಿ, ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಬೇಕೆಂದು ಬರೆದಿದ್ದ. ಅಕ್ಷರದಲ್ಲಿ ಒಂದೂ ತಪ್ಪಿರಲಿಲ್ಲ.

"ಅವತ್ತು ಫ್ರಿಜ್ಜಿನಲ್ಲಿ ಇಟ್ಟಿದ್ದು ನಾನು," ಎಂದೆ.

ಕೆನ್ನೆಗೆ ಬಾರಿಸುತ್ತಾನೆಂದು ಕಾದೆ. ಅವನು ಜೇಬಿನಿಂದ ಫೋನು ತೆಗೆದ.

"ನಂಗೇನೂ ಆಗಿಲ್ವಂತೆ ಕಣೇ," ಎಂದ ಹೆಂಡತಿಗೆ. "ಅಳಬೇಡ. ಏನೂ ಆಗಿಲ್ಲ."

ಅವತ್ತೇ ಮೇಡಂಗೂ ಹೇಳಿದೆ. ಮರುದಿನದಿಂದ ಗಡಿಯಾರ ಟ್ಯೂಬನ್ನು ಮೇಜಿನ ಮೇಲಿಡಲಿಲ್ಲ. ನನ್ನ ಕೈಗೇ ಕೊಟ್ಟು, ನಾನದನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸುವವರೆಗೂ ನಿಂತು ನೋಡುತ್ತಿದ್ದ.

"ಬರ್ತೀನಿ ಸಾರ್," ಎನ್ನುತ್ತಿದ್ದ. ಅಣ್ಣಾ ಎಂದು ಮತ್ತೆಂದೂ ಕರೆಯಲಿಲ್ಲ.