ಓದಿದೆ ಅಂತ ಹೇಳಿದ ಬ್ಲಾಗು

ನನ್ನ ತಂಗಿ ಬರೆದದ್ದನ್ನು ನಾನು ಓದಲಿಲ್ಲ. ಓದಿದೆ ಅಂತ ಮಾತ್ರ ಭಾನುವಾರ ಬಂದರೆ ಫೋನಿನಲ್ಲಿ ಹೇಳುತ್ತಿದ್ದೆ. ಒಂದು ಸಲವಲ್ಲ, ಒಂದು ಮಳೆಗಾಲ ಪೂರ್ತಿ.

ಆಗ ಅವಳು ಚಾಮರಾಜನಗರದ ಹಾಸ್ಟೆಲಿನಲ್ಲಿದ್ದುಕೊಂಡು ಟೀಚರ್ ಟ್ರೇನಿಂಗ್ ಮಾಡುತ್ತಿದ್ದಳು. ನಾನು ಗುಂಡ್ಲುಪೇಟೆಯ ಮನೆಯಲ್ಲಿ, ಮುಂದಿನ ಕೋಣೆಯಲ್ಲಿ ಮಿಷಿನ್ ಹಾಕಿಕೊಂಡು ಬ್ಲೌಸ್ ಹೊಲಿಯುತ್ತಿದ್ದೆ. ನನ್ನ ಓದು ಐದನೇ ಕ್ಲಾಸಿಗೆ ನಿಂತಿತು. ಅವ್ವ ಚೆಂಡುಹೂವು ಕೀಳುವ ಕೂಲಿಗೆ ಹೋಗುತ್ತಿದ್ದಳು, ಮನೆಯಲ್ಲಿ ಮಗು ನೋಡಿಕೊಳ್ಳುವವರು ಬೇಕಿತ್ತು. ಆ ಮಗುವೇ ಇವಳು. ಅದಕ್ಕೆ ನನಗೆ ಯಾವತ್ತೂ ಬೇಸರವಾಗಿದ್ದಿಲ್ಲ. ಅವಳು ಶಾಲೆಗೆ ಸೇರಿದ ಮೇಲೆ ಅಲ್ಲಿ ಕಲಿತದ್ದನ್ನೆಲ್ಲ ಸಂಜೆ ನನಗೆ ಪಾಠ ಮಾಡುತ್ತಿದ್ದಳು. ನನ್ನ ಮರದ ಸ್ಕೇಲನ್ನು ಬೆತ್ತದಂತೆ ಹಿಡಿದು "ಕೈ ಕಟ್ಟು" ಅನ್ನುತ್ತಿದ್ದಳು.

"ಕೈ ಕಟ್ಕೊಂಡ್ರೆ ಹುಕ್ಸು ಯಾರು ಹಾಕ್ತಾರೆ, ಟೀಚರ್?"

"ಮಾತಾಡ್ಬೇಡ. ಫೇಲ್ ಮಾಡ್ಬುಡ್ತೀನಿ."

ಟ್ರೇನಿಂಗಿನಲ್ಲಿ ಒಬ್ಬರು ಮೇಡಂ, ಎಲ್ಲರೂ ಒಂದೊಂದು ಬ್ಲಾಗ್ ಮಾಡಬೇಕು, ಬೇರೆಯವರ ಬ್ಲಾಗುಗಳನ್ನೂ ಫಾಲೋ ಮಾಡಬೇಕು ಅಂದರಂತೆ. ರಜೆಗೆ ಬಂದಾಗ ಅದೇ ಮಾತು ಅವಳಿಗೆ.

"ಕಂಪ್ಯೂಟರಲ್ಲಿ ನಂದೇ ಒಂದು ಪುಟ ಕಣಕ್ಕ. ಯಾರ್ ಬೇಕಾದ್ರೂ ಓದ್ಬೋದು. ಫಾಲೋ ಮಾಡೋರ್ಗೆ ನಾ ಹೊಸದು ಬರ್ದಾಗೆಲ್ಲ ಗೊತ್ತಾಯ್ತದೆ."

"ನೀನ್ ಯಾರ್ನ ಫಾಲೋ ಮಾಡ್ತಿದ್ದೀಯಮ್ಮಿ?"

"ಧಾರವಾಡದ ಕಡೆ ಒಬ್ರು ಮೇಡಂನ. ಹುಣಸೇಬೀಜದಲ್ಲಿ ಲೆಕ್ಕ ಕಲಿಸ್ತಾರೆ. ನಾನೂ ಅವ್ರಿಗೆ ಕಾಮೆಂಟ್ ಹಾಕ್ದೆ, ಅವ್ರು ಉತ್ರ ಬರುದ್ರು!"

"ಹುಣಸೇಬೀಜ ಎಣ್ಸಕ್ಕೂ ಕಂಪ್ಯೂಟರ್ ಬೇಕಾಯ್ತಾ?" ಅಂತ ರೇಗಿಸಿದೆ. ಅವಳು ನನ್ನ ಬೆನ್ನಿಗೊಂದು ಗುದ್ದಿದಳು. ಆಮೇಲೆ ಮೆಲ್ಲಗೆ, "ನಿನ್ನ ಹೆಸ್ರಲ್ಲೂ ಒಂದು ಅಕೌಂಟ್ ಮಾಡಿವ್ನಿ. ನನ್ನ ಪುಟದ ಪಕ್ಕ ಫಾಲೋ ಮಾಡೋರ ಮುಖ ಸಾಲಾಗಿ ಬತ್ತವೆ. ಮೊದಲ್ನೇದು ನೀನೇ. ಮುಖದ ಬದ್ಲು ಹೊಲಿಗೆ ಮಿಷಿನ್ ಹಾಕಿವ್ನಿ" ಅಂದಳು. ಬ್ಲಾಗಿನ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟು, ವಾರಕ್ಕೊಂದು ಸಲ ನೋಡು ಅಂತ ಮಾತು ತೆಗೆದುಕೊಂಡು ಹೋದಳು.

ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್ನೆಟ್ ಅಂಗಡಿಗೆ ನಾನು ಹೋದದ್ದು ಒಂದೇ ಸಲ. ಅಂಗಡಿಯವನು ಚೀಟಿ ನೋಡಿಕೊಂಡು ಪುಟ ತೆಗೆದುಕೊಟ್ಟು ಹೋದ. ಮೇಲೆ ಒಂದು ಸ್ಲೇಟಿನ ಫೋಟೋ. ಪಕ್ಕದಲ್ಲಿ ನನ್ನ ಮಿಷಿನ್. ಕೆಳಗೆ ಮಾತ್ರ ಬರೀ ಚೌಕಗಳು. ಖಾಲಿ ಚೌಕದ ಪಕ್ಕ ಖಾಲಿ ಚೌಕ, ಸಾಲುಸಾಲು. ಕಂಪ್ಯೂಟರಿನಲ್ಲಿ ಬರೆಯುವುದು ಹೀಗೇ ಇರಬೇಕು, ಐದನೇ ಕ್ಲಾಸು ದಾಟಿದವರಿಗೆ ಕಲಿಸುತ್ತಾರೇನೋ ಅಂದುಕೊಂಡೆ. ಅಕ್ಕಪಕ್ಕದಲ್ಲಿ ಹುಡುಗರು ಟಪಟಪ ಒತ್ತುತ್ತಿದ್ದರು. ಕೇಳೋಣವೆಂದರೆ ನಾಚಿಕೆ. ಓದುವವಳ ಹಾಗೆ ತಲೆಯನ್ನು ಎಡದಿಂದ ಬಲಕ್ಕೆ ಆಡಿಸುತ್ತಾ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದೆ.

ಅವಳು ನನ್ನ ಕೈಗೆ ಸಿಗದಷ್ಟು ಕಲಿತಿದ್ದಾಳೆ ಅಂತ ದಾರಿಯಲ್ಲಿ ಹೆಮ್ಮೆಯೂ ಆಯಿತು, ಅಳುವೂ ಬಂತು. ಭಾನುವಾರ ಅವಳು "ಓದಿದ್ಯಾ?" ಅಂದಾಗ "ಓದ್ದೆ, ಬಾಳ ಚೆನ್ನಾಗದೆ" ಅಂದೆ. ಅವಳು ಎಷ್ಟು ಖುಷಿಪಟ್ಟಳೆಂದರೆ, ಮುಂದಿನ ವಾರವೂ ಅದನ್ನೇ ಹೇಳಬೇಕಾಯಿತು.

ಒಂದು ಭಾನುವಾರ ಮಾತ್ರ ಬೇರೆ ಥರ ಕೇಳಿದಳು. "ಈ ಸಲದ್ದು ಓದಿದ್ಯಾ? ನಾ ಕೇಳಿದ್ದಕ್ಕೆ ಏನಂತೀಯ?"

ಏನು ಕೇಳಿದ್ದಾಳೋ ನನಗೇನು ಗೊತ್ತು? "ನೀ ಕೇಳುದ್ಮೇಲೆ ಇಲ್ಲ ಅಂತೀನಾ? ಆಗ್ಲಿ ಬುಡು" ಅಂದುಬಿಟ್ಟೆ.

ಶನಿವಾರ ಹರವೆ ಅನ್ನುವ ಊರಿನ ಶಾಲೆಯಲ್ಲಿ ಅವಳು ಮಕ್ಕಳಿಗೆ ಪಾಠ ಮಾಡಿ ತೋರಿಸುವ ಪರೀಕ್ಷೆಯಿರುವುದು ಗೊತ್ತಿತ್ತು. ಹೊಸ ಬ್ಲೌಸ್ ಕೇಳಿರಬೇಕು ಅಂತ ಊಹಿಸಿದೆ. ಅವಳಿಗಿಷ್ಟವಾದ ನೀಲಿ ಬಟ್ಟೆ ತಂದೆ. ಪಾಠಕ್ಕೆ ಮೊದಲೇ ಮುಗಿಸಬೇಕೆಂದಿದ್ದೆ, ಮದುವೆ ಮನೆಯವರ ಬಟ್ಟೆ ಅಡ್ಡ ಬಂತು. ಶನಿವಾರ ಅವಳು ಅಲ್ಲಿ ಪಾಠ ಮಾಡುವಾಗ ನಾನಿಲ್ಲಿ ಅದಕ್ಕೆ ತೋಳು ಕೂಡಿಸುತ್ತಿದ್ದೆ.

ಮಾರನೇ ದಿನ ಸಂಜೆ ಅವಳು ಬ್ಯಾಗ್ ಹಿಡಿದು ಬಂದಳು. ನಾನು ಬ್ಲೌಸ್ ಮುಂದೆ ಮಾಡಿದೆ. ಅವಳು ಅದನ್ನು ನೋಡಲೂ ಇಲ್ಲ.

"ಯಾಕಕ್ಕ ಬರ್ನಿಲ್ಲ?"

"ಎಲ್ಗೆ?"

ಅಷ್ಟೇ. ಆ ಒಂದು ಮಾತಿಗೆ ಅವಳ ಮುಖ ಇಳಿದುಹೋಯಿತು.

"ಪಾಠಕ್ಕೆ. ಕೊನೆ ಬೆಂಚಲ್ಲಿ ನಿಂಗೆ ಜಾಗ ಇಡ್ಸಿದ್ದೆ. ಬಾಗ್ಲು ನೋಡ್ತಾ ನೋಡ್ತಾ ಹೇಳೋದೇ ಮರ್ತೋಯ್ತು. ಮಿಸ್, ಯಾರ್ನ ನೋಡ್ತಿದ್ದೀರಾ ಅಂತ ಮಕ್ಳು ನಗಾಡುದ್ವು. ಇನ್ನೊಂದ್ಸಲ ಮಾಡ್ಬೇಕಂತೆ."

ಬಟ್ಟೆ ಜಾಸ್ತಿ ಇತ್ತು, ಬರೋಕಾಗಲಿಲ್ಲ ಅಂತ ಅದಕ್ಕೂ ಒಂದು ಸುಳ್ಳು ಸೇರಿಸಿದೆ. ಅವಳು ಉಂಡಳು, ತಟ್ಟೆ ತೊಳೆದಳು, ಗೋಡೆ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ ಬಸ್ಸಿಗೆ ಹೊರಟವಳು "ಬಾ, ನನ್ನ ಮುಂದೆ ಓದು" ಅಂತ ಅಂಗಡಿಗೆ ಎಳೆದುಕೊಂಡು ಹೋದಳು. ನಾನು ಕೂತಿದ್ದ ಅದೇ ಕಂಪ್ಯೂಟರ್. ಪುಟ ತೆರೆಯಿತು. ಅದೇ ಚೌಕಗಳು. ಅವಳು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ನೀ ಬಂದಾಗ್ಲೂ ಹಿಂಗೇ ಇತ್ತಾ?"

"ಊಂ."

"ಅಯ್ಯೋ ಅಕ್ಕ, ಇದ್ನ ನಾನೂ ಓದಕ್ಕಾಗಕಿಲ್ಲ! ಈ ಕಂಪ್ಯೂಟರಿಗೆ ಕನ್ನಡ ಅಕ್ಷರ ಹಾಕಿಲ್ಲ, ಅದಕ್ಕೇ ಡಬ್ಬ ಡಬ್ಬ ಬತ್ತದೆ."

ಅಂಗಡಿಯವನು ಅಲ್ಲಿಂದಲೇ, "ಕನ್ನಡನಾ? ಮೂಲೇಲಿರೋದ್ರಲ್ಲಿ ಬತ್ತದೆ ಮೇಡಂ. ಈ ಅಕ್ಕ ಅವತ್ತೇ ಕೇಳಿದ್ರೆ ಅಲ್ಲೇ ಕೂರಿಸ್ತಿದ್ದೆ" ಅಂದ.

ಮೂಲೆಯ ಕಂಪ್ಯೂಟರಿನಲ್ಲಿ ಎಲ್ಲವೂ ಅಕ್ಷರವಾಗಿ ನಿಂತಿತು. ನಾವು ಶಾಲೆಯಲ್ಲಿ ತಿದ್ದಿದ ಅದೇ ದುಂಡು ಅಕ್ಷರ. ನಾನು ತುಟಿಯಾಡಿಸುತ್ತಾ ಒಂದೊಂದೇ ಪದ ಓದಿದೆ. ಕೊನೆಯದಾಗಿ ಬರೆದದ್ದು ಮೇಲೇ ಇತ್ತು: "ಶನಿವಾರ ನನ್ನ ಪಾಠ. ತುಂಬಾ ಹೆದರಿಕೆ. ನನ್ನ ಮೊದಲ ವಿದ್ಯಾರ್ಥಿನಿ ಬಂದು ಕೊನೆಯ ಬೆಂಚಿನಲ್ಲಿ ಕೂತರೆ ಹೆದರಿಕೆ ಹೋಗುತ್ತದೆ. ಅಕ್ಕ, ಬರುತ್ತೀಯಾ?"

ಅವಳು ನನ್ನ ಭುಜದ ಮೇಲೆ ಕೈಯಿಟ್ಟಳು. "ಬುಡಕ್ಕ, ನಿನ್ ತಪ್ಪೇನದೆ ಇದ್ರಲ್ಲಿ? ಕಂಪ್ಯೂಟರಿಂದು ತಪ್ಪು."

ಹೂಂ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅನ್ನಲಾಗಲಿಲ್ಲ. ಟಪಟಪ ಒತ್ತುತ್ತಿದ್ದ ಹುಡುಗರು ತಿರುಗಿ ನೋಡಿದರೂ ಪರವಾಗಿಲ್ಲ ಅಂತ ಎದ್ದು ನಿಂತೆ.

"ಚೌಕ ತೋರ್ಸಿದ್ದು ಕಂಪ್ಯೂಟರು ಕಣಮ್ಮಿ. ಓದ್ದೆ ಅಂದವ್ಳು ನಾನು. ಒಂದಕ್ಷರಾನೂ ಓದ್ನಿಲ್ಲ, ವಾರವಾರಾನೂ ನಿಂಗೆ ಸುಳ್ಳೇಳ್ದೆ. ತಪ್ಪಾಯ್ತು, ಟೀಚರ್."